ಹನೌಮಾ ಕೊಲ್ಲಿಯ ಚರಿತ್ರೆ

ಶಾಂತಮಹಾಸಾಗರದ ನಡುವೆ ಹರಡಿಕೊಂಡಿರುವ ಹವಾಯಿ ದ್ವೀಪಸ್ತೋಮದಲ್ಲಿ ಓಅಹು ಎಂಬುದೊಂದು ದ್ವೀಪ. ಹೊನೊಲುಲು ನಗರವಿರುವುದು ಅದರಲ್ಲಿಯೇ. ನಗರದಿಂದ ಪೂರ್ವಕ್ಕೆ ಹತ್ತು ಮೈಲಿಗಳಷ್ಟು ಹೋದರೆ, ಕುದುರೆಯ ಲಾಳದಂತೆ ಬಾಗಿದ ಗುಡ್ಡದ ಗೋಡೆಯೊಳಗೆ ಹನೌಮಾ ಎಂಬ ಕಿರಿದಾದ ಕೊಲ್ಲಿಯೊಂದು ಕಾಣುತ್ತದೆ. ಪೂರ್ವದಲ್ಲಿ ಅದು ಜ್ವಾಲಾಮುಖಿಯ ಬಾಯಿಯಾಗಿದ್ದಿತು. ಬೆಂಕಿ ಆರಿದ ಮೇಲೆ ಸಮುದ್ರವು ಒಂದು ಪಕ್ಕದ ಗೋಡೆಯನ್ನು ಕೊರೆದು ಒಳಹೊಕ್ಕಿತು; ಅಗ್ನಿಯ ಮನೆ ವರುಣನ ಮನೆಯಾಯಿತು.

ಆ ನಾಡಿನ ಭಾಷೆಯಲ್ಲಿ ‘ಹನ’ ಎಂದರೆ ಕೊಲ್ಲಿ. ‘ಉಮ’ ಎಂದರೆ ಬಾಗಿದುದು ಎಂದು ಕೆಲವರೂ, ತೋಳಿಗೆ ತೋಳು ಕೊಟ್ಟು ಬಲವನ್ನು ಪರೀಕ್ಷಿಸುವ ಪಂದ್ಯವೆಂದು ಮತ್ತೆ ಕೆಲವರೂ ಹೇಳುತ್ತಾರೆ. ಪದದ ಮೂಲದಲ್ಲಿ ಒಮ್ಮತವಿಲ್ಲದಿರುವುದು ಭರತಖಂಡದ ಪಂಡಿತರಿಗೆ ಮಾತ್ರ ಸೇರಿದ ಸಂಪತ್ತಲ್ಲವಷ್ಟೆ! ಸಂಸ್ಕೃತವಾಗಿದ್ದರೆ ಗುಣಸಂಧಿ ಬಂದು ‘ಹನೋಮಾ’ ಎಂದಾಗುತ್ತಿದ್ದಿತು. ಅಲ್ಲಿ ಎರಡು ಸ್ವರಗಳೂ ಉಳಿದುಕೊಂಡಿವೆ.

ಹವಳವೆಂದರೆ ನಮ್ಮ ಗೃಹಿಣಿಯರಿಗೆ ಚಿನ್ನದೊಡನೆ ಪೋಣಿಸುವ ಕೆಂಪು ಮಣಿ. ನವರತ್ನಗಳಲ್ಲಿ ಎಣಿಸಲ್ಪಡುವ ಪ್ರವಾಳವೂ ಅದೇ. ಈ ಕೊಲ್ಲಿಯ ಹವಳವು ಬೇರೆ ಜಾತಿಯದು. ಅತಿ ಸಣ್ಣ ಜೀವಿಗಳು ತಮ್ಮ ಮೈಸುತ್ತ ಸುಣ್ಣದ ಗೂಡನ್ನು ಕಟ್ಟುತ್ತ, ಒಂದರ ಮೇಲೊಂದು ತಲೆಮಾರು ಬೆಳೆಯುತ್ತ, ದಡದ ಸಮೀಪದಲ್ಲಿ ಕಲ್ಲಿನ ಕಟ್ಟೆಯನ್ನೇ ಎಬ್ಬಿಸಿವೆ. ತೆರೆಗಳು ಆ ಕಟ್ಟೆಗೆ ಬಡಿದು ಮುರಿಯುತ್ತವೆ; ಒಳಗಿನ ನೀರು ಕೆರೆಯಂತೆ ಶಾಂತವಾಗಿರುತ್ತದೆ. ಆದುದರಿಂದ ಈಜಿನಲ್ಲಿ ನಿಪುಣರಲ್ಲದವರೂ ಕಣ್ಣಿಗೆ ಗಾಜಿನ ಮುಸುಕನ್ನೂ ಬಾಯಿಗೆ ಸ್ನಾರ್ಕಲ್ ಎಂಬ ಉಸಿರು ಕೊಳವೆಯನ್ನೂ ಧರಿಸಿ, ನೀರಿನ ಮೇಲೆ ಬೋರಲಾಗಿ ತೇಲುತ್ತ ಮತ್ಸ್ಯಲೋಕವನ್ನು ನೋಡಬಲ್ಲರು. ಗಿಳಿಯ ಕೊಕ್ಕಿನಂಥ ಬಾಯುಳ್ಳ ಮೀನೊಂದು ಅಲ್ಲಿ ಹವಳದ ಕಲ್ಲನ್ನು ಕೆರೆದು, ಅರೆದು, ಹೊಟ್ಟೆಯಿಂದ ಬಿಳಿಯ ಮರಳಾಗಿ ಹೊರಬಿಡುತ್ತದೆ. ಯಾತ್ರಿಕರು ಸುಖವಾಗಿ ಮಲಗುವ ಬಿಳಿ ಮರಳಿನಲ್ಲಿ ಒಂದು ಪಾಲು ಈ ಮೀನಿನ ಪ್ರಸಾದವೆಂದರೆ ಎಷ್ಟು ಮಂದಿ ನಂಬುವರೋ ತಿಳಿಯದು.

ಹವಾಯಿಯ ದೊರೆಗಳಿಗೆ ಈ ಕೊಲ್ಲಿಯು ಮೀನು ಹಿಡಿಯುವ ವಿಹಾರಸ್ಥಾನವಾಗಿದ್ದಿತು. 1863 ರಿಂದ 1872 ರ ವರೆಗೆ ಆಳಿದ ಐದನೆಯ ಕಮೆಹಮೆಹನಿಗೆ ಇದರಲ್ಲಿ ವಿಶೇಷ ಪ್ರೀತಿ. 1893 ರಲ್ಲಿ ರಾಜ್ಯವು ಉರುಳಿತು. 1898 ರಲ್ಲಿ ದ್ವೀಪಗಳು ಅಮೇರಿಕಾ ಸಂಯುಕ್ತ ಸಂಸ್ಥಾನಕ್ಕೆ ಸೇರಿದವು. ಕೊಲ್ಲಿಯ ಸುತ್ತಿನ ಭೂಮಿಯು ರಾಜವಂಶದ ಬರ್ನೀಸ್ ಪೌಆಹಿ ಬಿಷಪ್ ಎಂಬಾಕೆಯ ಆಸ್ತಿಯಾಗಿದ್ದಿತು. 1884 ರಲ್ಲಿ ತೀರಿಕೊಂಡ ಆಕೆ ತನ್ನ ಸಂಪತ್ತನ್ನು ಸ್ವದೇಶದ ಮಕ್ಕಳ ವಿದ್ಯೆಗಾಗಿ ಬಿಟ್ಟುಹೋಗಿದ್ದಳು. ಆ ಆಸ್ತಿಯ ಧರ್ಮದರ್ಶಿಗಳಿಂದ 1928 ರಲ್ಲಿ ಹೊನೊಲುಲು ಪೌರಾಡಳಿತವು ಒಂದೇ ಒಂದು ಡಾಲರಿಗೆ ಕೊಲ್ಲಿಯನ್ನು ಕೊಂಡು ಸಾರ್ವಜನಿಕರ ಉದ್ಯಾನವನ್ನಾಗಿ ಮಾಡಿತು. ಇಷ್ಟು ಅಗ್ಗವಾಗಿ ದೊರೆತ ವಸ್ತುವನ್ನು ಕಾಪಾಡುವುದು ಎಷ್ಟು ದುಬಾರಿಯೆಂಬುದು ಮುಂದೆ ತಿಳಿಯಬೇಕಾಗಿದ್ದಿತು.

ಎರಡನೆಯ ಮಹಾಯುದ್ಧದಲ್ಲಿ ದಡದುದ್ದಕ್ಕೂ ಮುಳ್ಳುತಂತಿ ಬಂದಿತು. ಜನರಿಗೆ ಪ್ರವೇಶ ನಿಂತಿತು. ಮೀನುಗಳಿಗೆ ಅದು ಕೇಡೇನೂ ಅಲ್ಲ. ಶಾಂತಿಕಾಲದಲ್ಲಿ ಆದುದೇ ಹೆಚ್ಚಿನ ಕೇಡು. ಕ್ಯಾಲಿಫೋರ್ನಿಯದಿಂದ ಸಮುದ್ರದಡಿಯಲ್ಲಿ ಟೆಲಿಫೋನ್ ತಂತಿಯನ್ನು ತರುವುದಕ್ಕಾಗಿ 1956 ರಲ್ಲಿ ಹವಳದ ಕಟ್ಟೆಯ ಭಾಗಗಳನ್ನು ಸಿಡಿಮದ್ದಿನಿಂದ ಒಡೆದರು. 1957 ರಲ್ಲಿ ಆ ಮಾರ್ಗವಾಗಿ ಮಾತು ಹರಿಯಿತು. ಎರಡು ತೀರಗಳ ಬಂಧುಗಳು ಒಬ್ಬರ ದನಿಯನ್ನೊಬ್ಬರು ಕೇಳಿ ಸಂತೋಷಪಟ್ಟಿರಬೇಕು, ಅದನ್ನು ಅಲ್ಲಗಳೆಯಲಾಗದು. ಆದರೆ ಶತಮಾನಗಳಿಂದ ಬೆಳೆದುದು ಕ್ಷಣದಲ್ಲಿ ಹೋಯಿತು. ಇತ್ತ ಗಾಳ ಬಲೆಗಳಿಂದ ಮೀನೂ ವಿರಳವಾಗುತ್ತ ಬಂದಿತು.

1961 ರಲ್ಲಿ ‘ಬ್ಲೂ ಹವಾಯಿ’ ಎಂಬ ಚಲಚ್ಚಿತ್ರದಲ್ಲಿ ಈ ದಡವು ಕಾಣಿಸಿಕೊಂಡ ಮೇಲೆ ಅದರ ಕೀರ್ತಿ ದೇಶಾಂತರಗಳಿಗೆ ಹಬ್ಬಿತು. 1967 ರಲ್ಲಿ ಸರಕಾರವು ಇದನ್ನು ಜಲಜೀವಿಗಳ ರಕ್ಷಿತ ಪ್ರದೇಶವೆಂದು ಸಾರಿತು. ಹವಾಯಿಯಲ್ಲಿ ಇಂಥದು ಇದೇ ಮೊದಲು. ಮೀನು ಹಿಡಿಯುವುದು ನಿಂತಿತು. ಕೆಲವು ವರ್ಷಗಳಲ್ಲಿಯೇ ಮೀನುಗಳು ಹೆಚ್ಚಿದುವಲ್ಲದೆ ಮನುಷ್ಯನ ಭಯವನ್ನೂ ಮರೆತವು.

ಕಷ್ಟವು ಆರಂಭವಾದುದು ಇಲ್ಲಿಂದಲೇ. ಕೈಗೆಟಕುವ ಮೀನನ್ನು ನೋಡಲು ಜನರು ನೆರೆದರು. 1980 ರ ದಶಕದ ಕೊನೆಯ ಹೊತ್ತಿಗೆ ವರ್ಷಕ್ಕೆ ಮೂವತ್ತು ಲಕ್ಷದಷ್ಟು ಮಂದಿ ಬರುತ್ತಿದ್ದರು. ಬಂದವರು ದಯಾಳುಗಳೇ. ತೀರ್ಥಕ್ಷೇತ್ರಗಳ ಕೊಳಗಳಲ್ಲಿ ಮಂಡಕ್ಕಿ ಎರಚುವ ಭಕ್ತರಂತೆ ಅವರೂ ರೊಟ್ಟಿಯನ್ನೂ ಬಟಾಣಿಯನ್ನೂ ಎರಚಿದರು. ಆ ದಯೆಯ ಫಲವಾಗಿ ಕಸಿದು ತಿನ್ನುವ ಜಾತಿಗಳು ಪ್ರಬಲವಾಗಿ ಸಾಧು ಜಾತಿಗಳು ಹಿಂದೆ ಸರಿದವು. ನಿಲ್ಲಲು ಆಸರೆಯೆಂದು ಹವಳದ ಮೇಲೆ ಕಾಲಿಟ್ಟವರು ಅದು ಜೀವವುಳ್ಳದ್ದೆಂದು ಅರಿತಿರಲಿಲ್ಲ. ಬಲೆ ಹಿಡಿದವನನ್ನು ಕಾನೂನು ತಡೆಯಬಲ್ಲುದು. ಮುದ್ದಿಸಲು ಬಂದವನನ್ನು ತಡೆಯುವುದು ಹೇಗೆ?

1990 ರಿಂದ ಪೌರಾಡಳಿತವು ಜನಸಂಖ್ಯೆಯನ್ನು ಮಿತಗೊಳಿಸತೊಡಗಿತು. ಪ್ರವೇಶಕ್ಕೆ ಶುಲ್ಕ ಬಂದಿತು. ವಾರಕ್ಕೊಂದು ದಿನ, ಮಂಗಳವಾರ, ಕೊಲ್ಲಿಗೆ ವಿಶ್ರಾಂತಿ ದೊರೆಯಿತು. 1999 ರಲ್ಲಿ ಮೀನಿಗೆ ಆಹಾರ ಹಾಕುವುದು ನಿಷಿದ್ಧವಾಯಿತು. 2002 ರಲ್ಲಿ ತೆರೆದ ಶಿಕ್ಷಣಮಂದಿರದಲ್ಲಿ, ನೀರಿಗಿಳಿಯುವ ಮೊದಲು ಸಂದರ್ಶಕರು ಕುಳಿತು ಕಿರುಚಿತ್ರವೊಂದನ್ನು ನೋಡಬೇಕೆಂಬ ಕಟ್ಟಳೆಯಾಯಿತು. ದಂಡಕ್ಕಿಂತ ಮೊದಲು ಪಾಠ! ಈ ಕ್ರಮವನ್ನು ಉಪಾಧ್ಯಾಯ ವರ್ಗದವರು ಮೆಚ್ಚದಿರಲಾರರು.

2020 ರ ಮಾರ್ಚಿಯಲ್ಲಿ ಕೋವಿಡ್ ಮಹಾಮಾರಿಯಿಂದಾಗಿ ಬಾಗಿಲು ಪೂರ್ತಿಯಾಗಿ ಮುಚ್ಚಿತು. ಎಂಟು ತಿಂಗಳಿಗೂ ಮಿಕ್ಕಿ ಅಲ್ಲಿ ಮನುಷ್ಯರ ಸಂದಣಿಯಿರಲಿಲ್ಲ. ವಿಜ್ಞಾನಿಗಳು ಇಳಿದು ನೋಡಿದಾಗ ನೀರು ತಿಳಿಯಾಗಿದ್ದಿತು. ದೊಡ್ಡ ಮೀನುಗಳು ದಡದ ಸಮೀಪಕ್ಕೆ ಬಂದಿದ್ದವು. ಡಿಸೆಂಬರಿನಲ್ಲಿ ಬಾಗಿಲು ತೆರೆದಾಗ ದಿನಕ್ಕೆ 720 ಮಂದಿಗೆ ಮಾತ್ರ ಪ್ರವೇಶವೆಂದು ಗೊತ್ತುಮಾಡಿದರು; ಮಂಗಳವಾರದೊಡನೆ ಸೋಮವಾರವೂ ಮೀನುಗಳ ಪಾಲಿಗೆ ಸೇರಿತು.