ಖಾಲಿ ಬಿಟ್ಟ ಸಾಲು

ನಮ್ಮವ್ವನ ಹಾಡಿನ ವಹಿ ಈಗ ನನ್ನ ಹತ್ತಿರ ಇದೆ. ಅಂಗಡಿಯವರು ಲೆಕ್ಕ ಬರೆಯುವಂಥ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿ. ಎರಡು ಸಲ ಹೊಲಿಗೆ ಬಿಚ್ಚಿತ್ತು, ಎರಡು ಸಲವೂ ಅವ್ವನೇ ದಬ್ಬಣ ಹಿಡಿದು ಹೊಲಿದಿದ್ದಾಳೆ. ಹೊಸಬರು ಯಾರಾದರೂ ಇದನ್ನು ತೆರೆದು ನೋಡಿದರೆ ಎಷ್ಟೊಂದು ಕಾಗದ ದಂಡವಾಗಿದೆ ಅನ್ನಬಹುದು. ಪುಟಪುಟಕ್ಕೂ ಖಾಲಿ ಜಾಗ. ಪಲ್ಲವಿ ಇರುತ್ತದೆ, ಎರಡು ನುಡಿ ಇರುತ್ತವೆ, ಆಮೇಲೆ ನಾಲ್ಕು ಸಾಲಿನಷ್ಟು ಏನೂ ಇಲ್ಲ, ಕೆಳಗೆ ಕೊನೆಯ ನುಡಿ. ಒಂದೆರಡು ಕಡೆ ಬರೀ ಅಂಕಿತದ ಸಾಲು ಇದೆ, ಮೇಲಿನದೆಲ್ಲ ಬಿಳಿ.

ಅವ್ವ ಕಾಗದದ ಬೆಲೆ ಅರಿಯದವಳಲ್ಲ. ಮಕ್ಕಳ ಹಳೆಯ ಕಾಪಿಯಲ್ಲಿ ಉಳಿದ ಹಾಳೆಗಳನ್ನು ಕಿತ್ತು ಜೋಡಿಸಿ ಇಡುತ್ತಿದ್ದವಳು. ಆದರೆ ಹಾಡಿನ ವಹಿಯಲ್ಲಿ ಮಾತ್ರ ಕೈ ಬಿಗಿ ಹಿಡಿಯಲಿಲ್ಲ. ಮದುವೆ, ಸೀಮಂತ, ಅರಿಶಿನ ಕುಂಕುಮಕ್ಕೆ ಹೋದಲ್ಲಿ ಕೇಳಿದ ಹಾಡನ್ನು ಮನೆಗೆ ಬರುವಷ್ಟರಲ್ಲಿ ನೆನಪಿದ್ದಷ್ಟು ಬರೆದು, ಮರೆತ ನುಡಿಗೆ ಜಾಗ ಬಿಡುತ್ತಿದ್ದಳು. ಬಂದ ನೆಂಟರಿಗೆ ಚಹಾ ಕೊಟ್ಟ ಮೇಲೆ ಮೊದಲ ಮಾತೇ, "ಇದರ ಮೂರನೇ ನುಡಿ ನಿಮಗ ಬರ್ತದೇನ್ರಿ?" ಬರುತ್ತಿದ್ದರೆ ಪೆನ್ನು ಅವರ ಕೈಗೇ ಕೊಡುತ್ತಿದ್ದಳು. ಹಾಗಾಗಿ ಒಂದೊಂದು ಹಾಡಿನಲ್ಲಿ ಮೂರು ನಾಲ್ಕು ಕೈಬರಹ. ಒಬ್ಬರದು ಹಸಿರು ಶಾಯಿ, ಒಬ್ಬರದು ಪೆನ್ಸಿಲ್ಲು, ಇನ್ನೊಬ್ಬರದು ಒತ್ತಕ್ಷರವೇ ಇಲ್ಲದ ಬರಹ.

ನಾನು ಇತಿಹಾಸ ಕಲಿಸುವವಳು. ಶಾಲೆಯಲ್ಲಿ ರಾಜರ ಪಟ್ಟಿ ಹೇಳಿ ಹೇಳಿ ಸಾಕಾದಾಗ ನನಗೆ ಈ ವಹಿ ನೆನಪಾಗುತ್ತದೆ. ಕವಿತಾಳದಂಥ ಊರಿನ ಹೆಂಗಸರ ಇತಿಹಾಸ ಎಲ್ಲಾದರೂ ಬರೆದಿಟ್ಟಿದ್ದರೆ ಅದು ಇಂಥ ಪುಟಗಳಲ್ಲೇ.

ನಮ್ಮದು ದಾಸರ ಸೀಮೆ. ವಿಜಯದಾಸರು ಹುಟ್ಟಿದ್ದು ಮಾನವಿ ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಚೀಕಲಪರವಿಯಲ್ಲಿ, 1682ರಲ್ಲಿ. ಅವರ ಶಿಷ್ಯ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರುಕಲ್ಲಿನವರು. ಜಗನ್ನಾಥದಾಸರ ಊರು ನಮಗೆ ಹತ್ತಿರದ ಬ್ಯಾಗವಾಟ. ಅವರು ನೆಲೆ ನಿಂತು 1809ರಲ್ಲಿ ಕಣ್ಣು ಮುಚ್ಚಿದ್ದು ಮಾನವಿಯಲ್ಲಿ. ಇಷ್ಟೆಲ್ಲ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ನನಗೆ ಬಹಳ ದಿನದಿಂದ ಸೋಜಿಗ ಅನ್ನಿಸಿರುವುದು ಬೇರೆ ಒಂದು ಮಾತು. ಈ ದೊಡ್ಡವರ ಬಗ್ಗೆ ನಮ್ಮ ಹಿರಿಯರು ಹೇಳುವ ಕಥೆಗಳೆಲ್ಲ ಅರ್ಧಕ್ಕೆ ನಿಂತದ್ದನ್ನು ಇನ್ನೊಬ್ಬರು ಮುಗಿಸಿದ ಕಥೆಗಳು.

ಪುರಂದರದಾಸರು ಐದು ಲಕ್ಷ ಪದ ಹಾಡುವ ಸಂಕಲ್ಪ ಮಾಡಿದ್ದರಂತೆ. ನಾಲ್ಕು ಲಕ್ಷ ಎಪ್ಪತ್ತೈದು ಸಾವಿರಕ್ಕೆ ಕಾಲ ಮುಗಿಯಿತಂತೆ. ಉಳಿದ ಇಪ್ಪತ್ತೈದು ಸಾವಿರವನ್ನು ಪೂರ್ತಿ ಮಾಡಿದವರು ವಿಜಯದಾಸರು ಅನ್ನುವುದು ಸಂಪ್ರದಾಯದ ನಂಬಿಕೆ. ಪುರಂದರದಾಸರು ತೀರಿದ್ದು 1564ರಲ್ಲಿ. ನಡುವೆ ನೂರು ವರ್ಷಕ್ಕಿಂತ ಹೆಚ್ಚು ಅಂತರ. ಲೆಕ್ಕವನ್ನು ನಾನು ಎಣಿಸಲು ಹೋಗುವುದಿಲ್ಲ. ಸತ್ತು ಶತಮಾನ ಕಳೆದವರ ಅರೆಗೆಲಸವನ್ನು ನಮ್ಮ ಸೀಮೆಯವರೊಬ್ಬರು ತಮ್ಮದೇ ಬಾಕಿ ಎಂದು ತಿಳಿದರಲ್ಲ, ಆ ಭಾವನೆ ನನಗೆ ಬೇಕಾದದ್ದು.

ಜಗನ್ನಾಥದಾಸರ ಹರಿಕಥಾಮೃತಸಾರವೂ ಹಾಗೆಯೇ. ಭಾಮಿನಿ ಷಟ್ಪದಿಯ ಮೂವತ್ತೆರಡು ಸಂಧಿ ಅವರದು. ಕೊನೆಗೆ ನಾವು ಹೇಳುವ ಫಲಸ್ತುತಿ ಅವರ ಶಿಷ್ಯ, ಕರ್ಜಗಿಯ ದಾಸಪ್ಪನವರದು. ಶ್ರೀದವಿಠಲ ಅವರ ಅಂಕಿತ. ಗುರುವಿನ ಪುಸ್ತಕಕ್ಕೆ ಶಿಷ್ಯ ಕೈಹಾಕಿದ ಎಂದು ಯಾರೂ ಬೇಸರ ಮಾಡಿಕೊಂಡಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಪಾರಾಯಣ ಮಾಡುತ್ತಾರೆ. ಆ ಜಗನ್ನಾಥದಾಸರಾದರೂ ಬದುಕಿ ಬರೆದದ್ದು ಗೋಪಾಲದಾಸರು ತಮ್ಮ ಆಯುಸ್ಸಿನ ನಲವತ್ತು ವರ್ಷ ಕೊಟ್ಟದ್ದರಿಂದ ಅನ್ನುತ್ತಾರೆ. ಕಥೆಯೋ ನಿಜವೋ, ಒಬ್ಬ ಹಾಡುಗಾರ ಇನ್ನೊಬ್ಬ ಹಾಡುಗಾರನಿಗೆ ಕೊಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದನ್ನು ನಮ್ಮ ಹಿರಿಯರಿಗೆ ಊಹಿಸಲು ಆಗಲಿಲ್ಲ.

ಇನ್ನೊಂದು ಸಂಗತಿ. ದಾಸರು ತಾವು ಯಾವ ಧಾಟಿಯಲ್ಲಿ ಹಾಡಿದರು ಅನ್ನುವುದು ನಮ್ಮ ಕೈಗೆ ಬಂದಿಲ್ಲ. ಪದಗಳ ಸ್ವರ ಬರೆದಿಡುವ ರೂಢಿ ಅವರಲ್ಲಿ ಇರಲಿಲ್ಲ. ಮಾತು ಉಳಿಯಿತು, ಕೆಲವಕ್ಕೆ ರಾಗ ತಾಳದ ಹೆಸರು ಉಳಿಯಿತು, ಅಷ್ಟೇ. ಅಂದರೆ ಪ್ರತಿ ಪದವೂ ನಮಗೆ ಅರ್ಧವಾಗಿಯೇ ಬಂದಿದೆ. ಉಳಿದರ್ಧವನ್ನು ಹಾಡಿದವರು ತುಂಬಿದ್ದಾರೆ. ಅವರಲ್ಲಿ ಬಹಳ ಮಂದಿ ಒಲೆಯ ಮುಂದೆ, ತೊಟ್ಟಿಲ ಪಕ್ಕ, ತುಳಸಿಕಟ್ಟೆಯ ಎದುರು ಕೂತ ಹೆಂಗಸರು.

ಹಾಡು ಕಟ್ಟಿದ ಹೆಂಗಸರೂ ಇದ್ದರು. ರಾಣೇಬೆನ್ನೂರಿನ ಕಡೆಯ ಹೆಳವನಕಟ್ಟೆ ಗಿರಿಯಮ್ಮ ಹದಿನೆಂಟನೆಯ ಶತಮಾನದಲ್ಲಿ ಚಂದ್ರಹಾಸನ ಕಥೆ, ಸೀತಾಕಲ್ಯಾಣ ಹಾಡಿದಳು. ಆಕೆಯನ್ನು ಹರಸಿದವರು ನಮ್ಮ ಗೋಪಾಲದಾಸರೇ ಎಂದು ಪರಂಪರೆ ಹೇಳುತ್ತದೆ. ಮುಂದೆ ಹರಪನಹಳ್ಳಿಯ ಭೀಮವ್ವ. ಭೀಮೇಶಕೃಷ್ಣ ಎಂಬ ಅಂಕಿತದ ಆಕೆಯ ಹಾಡುಗಳಿಲ್ಲದೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಆರತಿ ಎತ್ತುವುದಿಲ್ಲ. ಆಕೆ ತೀರಿದ್ದು 1903ರಲ್ಲಿ. ಇವರ ಹಾಡುಗಳು ಮೊದಲು ಊರೂರು ತಿರುಗಿದ್ದು ಮದುವೆಯಾಗಿ ಹೋದ ಹೆಣ್ಣುಮಕ್ಕಳ ಬಾಯಲ್ಲಿ, ಆಮೇಲೆ ವಹಿಗಳಲ್ಲಿ.

ವಹಿ ಬರೆಯುವುದು ನಮ್ಮ ಭಾಗದಲ್ಲಿ ಸಲೀಸಾದ ಕೆಲಸವಾಗಿರಲಿಲ್ಲ. 1948ರ ಸೆಪ್ಟೆಂಬರ್ ತನಕ ರಾಯಚೂರು ನಿಜಾಮರ ಕೈಯಲ್ಲಿತ್ತು. ಕಚೇರಿ ಉರ್ದು, ಮೇಲಿನ ತರಗತಿಯ ಓದು ಉರ್ದು. ನನ್ನ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹಾಡು ಬರೆದುಕೊಳ್ಳಬೇಕು ಅನ್ನುವ ಒಂದೇ ಆಸೆಗೆ ತನ್ನ ತಮ್ಮನಿಂದ ಅಂಗಳದ ಮರಳಲ್ಲಿ ಕನ್ನಡ ಅಕ್ಷರ ತಿದ್ದಿದಳು. ಅಚ್ಚಿನ ಪುಸ್ತಕ ಕೈಗೆ ಸಿಗುವುದು ದೂರದ ಮಾತು. ದಾಸರ ಪದಗಳನ್ನು ಮಂಗಳೂರಿನಲ್ಲಿ ಮೊದಲಿಗೆ ಅಚ್ಚು ಹಾಕಿಸಿದವರು ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್, 1850ರ ಸುಮಾರಿಗೆ. ನಮ್ಮ ಜಿಲ್ಲೆಯಲ್ಲಿ ಲಿಂಗಸುಗೂರಿನ ಗೊರಬಾಳ ಹನುಮಂತರಾಯರು ಹಸ್ತಪ್ರತಿ ಹುಡುಕಿ ಹುಡುಕಿ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದಿಂದ ಪುಸ್ತಕ ತಂದರು. ಅವ್ವನಂಥವರು ಆ ಪುಸ್ತಕ ಬಂದಾಗ ಹಬ್ಬ ಮಾಡಿದರು. ಆದರೂ ವಹಿ ಮುಚ್ಚಲಿಲ್ಲ. ಪುಸ್ತಕದಲ್ಲಿಲ್ಲದ್ದು ಊರಲ್ಲಿ ಇನ್ನೂ ಬೇಕಾದಷ್ಟಿತ್ತು.

ಓದು ಬರಹ ಬಾರದ ಹೆಂಗಸರು ಇನ್ನೂ ಒಂದು ಹೆಜ್ಜೆ ಮುಂದೆ. 1931ರಲ್ಲಿ ಹಲಸಂಗಿಯ ಗೆಳೆಯರು ಗರತಿಯ ಹಾಡು ಅಚ್ಚು ಹಾಕಿಸಿದಾಗ ಪಂಡಿತರೆಲ್ಲ ಬೆರಗಾದರಂತೆ. ಬೀಸುವ ಕಲ್ಲಿನ ಮುಂದೆ ಕೂತವರಿಗೆ ಅದರಲ್ಲಿ ಬೆರಗೇನೂ ಇರಲಿಲ್ಲ. ಎದುರಾ ಬದುರು ಇಬ್ಬರು ಕೂತು ಗೂಟ ಹಿಡಿದರೆ ಒಬ್ಬಾಕೆ ಸಾಲು ಎತ್ತುತ್ತಾಳೆ, ಇನ್ನೊಬ್ಬಾಕೆ ಮುಗಿಸುತ್ತಾಳೆ. ಎತ್ತಿದಾಕೆಗೆ ಮುಂದಿನದು ಹೊಳೆಯದಿದ್ದರೆ ಕಲ್ಲು ನಿಲ್ಲುವುದಿಲ್ಲ, ಎದುರಿನಾಕೆ ಹಿಡಿಯುತ್ತಾಳೆ. ನಮ್ಮ ಹಿತ್ತಲಲ್ಲಿ ಜೋಳ ಬೀಸಲು ಬರುತ್ತಿದ್ದ ಇಬ್ಬರು ಹಾಗೆ ತವರು, ಮಳೆ, ಗಂಡನ ಸಿಟ್ಟು ಎಲ್ಲವನ್ನೂ ಹಾಡಿ ಮುಗಿಸುತ್ತಿದ್ದರು. ಯಾವ ಸಾಲು ಯಾರದು ಎಂದು ಕೇಳಿದರೆ ನಗುತ್ತಿದ್ದರು.

ನಾನು ಪಿಯುಸಿಗೆ ಬರುವ ಹೊತ್ತಿಗೆ ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬಂತು. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಲೋಕಕ್ಕೆ ತೋರಿಸಿದ್ದು 1963ರಲ್ಲಿ. ಕವಿತಾಳದ ನಮ್ಮ ನಡುಮನೆಗೆ ಅದು ತಲುಪಲು ಇಪ್ಪತ್ತು ವರ್ಷದ ಮೇಲಾಯಿತು. ಅವ್ವ ಮೊದಲು ಹೆದರಿದಳು, ಆಮೇಲೆ ಬಿಡಲಿಲ್ಲ. ಮಧ್ಯಾಹ್ನ ಗಂಡಸರು ಹೊರಗೆ ಹೋದ ಮೇಲೆ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಮಗುವಿಗೆ ಬೆಲ್ಲ ಕೊಟ್ಟು ಕೂರಿಸಿ ಕೆಂಪು ಗುಂಡಿ ಒತ್ತುವುದು. ಕರೆಂಟು ಹೋದರೆ ಸೆಲ್ಲು. ಆದರೂ ಪ್ರತಿ ಹಾಡಿನ ನಡುವೆ ಕುಕ್ಕರಿನ ಸೀಟಿ, ಕೋಳಿಯ ಕೂಗು. ದೇವದುರ್ಗದಲ್ಲಿದ್ದ ನನ್ನ ಚಿಕ್ಕಮ್ಮನಿಗೆ ಅವ್ವ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ತನಗೆ ಬಂದಷ್ಟು ಹಾಡಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದಳು. ಎಂಟು ದಿನಕ್ಕೆ ಅದೇ ಕ್ಯಾಸೆಟ್ಟು ಇನ್ನೊಂದು ಬದಿಯಲ್ಲಿ ಉಳಿದ ನುಡಿಗಳೊಂದಿಗೆ ತಿರುಗಿ ಬರುತ್ತಿತ್ತು. "ಅಕ್ಕಾ, ನಾಕನೇದು ನನಗೂ ಬರಂಗಿಲ್ಲ, ರಾಯಚೂರಿನ ವೈನಿಗೆ ಕೇಳು" ಎಂದು ಕೊನೆಗೆ ಒಂದು ಮಾತು.

ಅದೇ ಕ್ಯಾಸೆಟ್ಟು ಇನ್ನೊಂದು ಕೆಲಸವನ್ನೂ ಮಾಡಿತು. ಭೀಮಸೇನ ಜೋಶಿಯವರ ದಾಸವಾಣಿ ಬಂತು, ವಿದ್ಯಾಭೂಷಣರ ಹಾಡುಗಳು ಬಂದವು. ನಾವೆಲ್ಲ ಕೇಳಿ ಕೇಳಿ ತಣಿದೆವು. ಆದರೆ ಅಷ್ಟು ಚೆಂದ ಕೇಳಿದ ಕಿವಿಗೆ ನಮ್ಮ ಕಾಕುವಿನ ಧಾಟಿ ಒರಟಾಗಿ ಕಂಡಿತು. ಮನೆಮನೆಗೊಂದು ಧಾಟಿ ಇದ್ದ ಹಾಡಿಗೆ ಒಂದೇ ಸರಿಯಾದ ಧಾಟಿ ಎಂದಾಯಿತು. ಎಷ್ಟೋ ಜನ ಸುಮ್ಮನಾದರು.

ಒಬ್ಬರನ್ನು ಸುಮ್ಮನಾಗಿಸಿದವಳು ನಾನೇ. ಇದನ್ನು ಬರೆಯಲೆಂದೇ ಇಷ್ಟು ದೂರ ಬಂದೆ.

1996ನೆಯ ಇಸವಿ. ಬಿ.ಎಡ್. ಮುಗಿಸಿ ಕೆಲಸ ಸಿಕ್ಕು ಎರಡು ವರ್ಷವಾಗಿತ್ತು. ತಿದ್ದುವುದೇ ನನ್ನ ಸ್ವಭಾವವಾಗಿತ್ತು. ಶನಿವಾರದ ಭಜನೆಗೆ ಹಿಂದಿನ ಓಣಿಯ ಅಜ್ಜಿಯೊಬ್ಬರು ಬರುತ್ತಿದ್ದರು. ಅವರಿಗೆ ಒಂದೇ ಹಾಡು ಪೂರ್ತಿ ಬರುತ್ತಿತ್ತು; ಅಪರೂಪಕ್ಕೊಮ್ಮೆ, ಕಣ್ಣು ಮುಚ್ಚಿ ಹಾಡುತ್ತಿದ್ದರು. ಆ ದಿನ ನಾನು ಅಚ್ಚಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೇಳಿದೆ. ಅವರ ಕೊನೆಯ ನುಡಿ ಪುಸ್ತಕದಲ್ಲಿರಲಿಲ್ಲ. ಹಾಡು ಮುಗಿಯುತ್ತಲೇ ಎಲ್ಲರ ಮುಂದೆ ಅಂದೆ, "ಅಜ್ಜಿ, ಈ ನುಡಿ ತಪ್ಪದ ರೀ. ಪುಸ್ತಕದಾಗ ಇಲ್ಲ. ಛಂದಸ್ಸೂ ಕೂಡಂಗಿಲ್ಲ."

"ಹೌದೇನವ್ವಾ?" ಅಂದರು ಅವರು. "ಪುಸ್ತಕದಾಗ ಇಲ್ಲಂದ್ರ ಇಲ್ಲ ಬಿಡು."

ಆಮೇಲೂ ಭಜನೆಗೆ ಬಂದರು, ತಾಳ ಹಾಕಿದರು, ಪ್ರಸಾದ ತಗೊಂಡು ಹೋದರು. ಹಾಡಲಿಲ್ಲ. ಮೂರು ವರ್ಷಕ್ಕೆ ತೀರಿಕೊಂಡರು. ಆ ದಿನ ರಾತ್ರಿ ಅವ್ವ ವಹಿ ತೆಗೆದು ತೋರಿಸಿದಳು. "ಆ ನುಡಿ ಅಕಿ ಕಟ್ಟಿದ್ದು. ಮಗಳು ಬಾಣಂತನದಾಗ ಹೋದಾಗ. ನನಗ ಒಮ್ಮೆ ಹೇಳಿದ್ಲು, ಎರಡು ಸಾಲು ಬರಕೊಂಡೆ. ಉಳಿದದ್ದು ಇನ್ನೊಮ್ಮೆ ಹೇಳ್ತೀನಿ ಅಂದಿದ್ಲು." ಅದರ ಕೆಳಗೆ ಎರಡು ಸಾಲಿನಷ್ಟು ಜಾಗ ಇತ್ತು. ಅವ್ವ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಕಲಿತ ಇತಿಹಾಸದಲ್ಲಿ ಮೂಲ ಪಾಠ ಯಾವುದು, ಸೇರಿಸಿದ್ದು ಯಾವುದು ಎಂದು ಬೇರ್ಪಡಿಸಲು ಕಲಿಸಿದ್ದರು. ಅದು ಬೇಕಾದ ವಿದ್ಯೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಗುರುವಿನ ಕಾವ್ಯಕ್ಕೆ ಶಿಷ್ಯನ ಫಲಸ್ತುತಿ ಸೇರಿಸಿಕೊಂಡು ಪಾರಾಯಣ ಮಾಡುವ ಸೀಮೆಯಲ್ಲಿ ಹುಟ್ಟಿ, ಆ ತಾಯಿಯ ಎರಡು ಸಾಲಿಗೆ ನನ್ನಲ್ಲಿ ಜಾಗ ಇಲ್ಲದೆ ಹೋಯಿತು. ಅದರಲ್ಲಿ ತಪ್ಪು ಏನಿದ್ದರೂ, ತಿದ್ದುವ ಮೊದಲು "ಇದು ಯಾರಿಂದ ಬಂತು ಅಜ್ಜಿ?" ಎಂದು ಕೇಳಬಹುದಿತ್ತು.

ಈಗ ಕಾಲ ತಿರುಗಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಾಯಚೂರಿನಲ್ಲಿ ಹೊಲಿಗೆ ಮಾಡಿಕೊಂಡಿದ್ದಾಳೆ. ಮಕ್ಕಳು ಮಲಗಿದ ಮೇಲೆ, ಹೊಲಿಗೆ ಯಂತ್ರದ ಪಕ್ಕ ಮೊಬೈಲ್ ಇಟ್ಟುಕೊಂಡು ತಾನೇ ಕಟ್ಟಿದ ಹಾಡು ಗುನುಗಿ ನನಗೆ ಕಳಿಸುತ್ತಾಳೆ. ಹಿಂದೆ ಬೀದಿನಾಯಿಯ ಬೊಗಳು, ರೈಲಿನ ಸದ್ದು. "ಅಕ್ಕೋರೆ, ಇದಿನ್ನಾ ಮುಗಿದಿಲ್ಲರಿ. ಯಾರಿಗೂ ಕೇಳಸಬ್ಯಾಡ್ರಿ." ಅವಳಂಥವರು ಇನ್ನೂ ಮೂವರಿದ್ದಾರೆ, ಒಬ್ಬರದು ಒಬ್ಬರು ಕೇಳುತ್ತಾರೆ. ಅರ್ಧ ಹಾಡಿಗೆ ನಗಬಾರದು, ಸಾಲು ಹೊಳೆದರೆ ಕೊಡಬೇಕು, ಕೊಟ್ಟದ್ದು ಹಿಡಿಸದಿದ್ದರೆ ಬೇಸರ ಮಾಡಬಾರದು, ಇಷ್ಟೇ ಕರಾರು. ನಾನು ಎರಡು ಸಲ ಕೇಳುತ್ತೇನೆ. ಛಂದಸ್ಸಿನ ಮಾತು ಎತ್ತುವುದಿಲ್ಲ. ಯಾವ ಸಾಲು ಮನಸ್ಸಿನಲ್ಲಿ ನಿಂತಿತು ಅನ್ನುವುದನ್ನು ಮೊದಲು ಹೇಳುತ್ತೇನೆ, ಆಮೇಲೆ "ಮುಂದೇನು?" ಎಂದು ಕೇಳುತ್ತೇನೆ. ತಿದ್ದಬೇಕಾದದ್ದನ್ನು ಅವಳೇ ಮುಂದಿನ ವಾರ ತಿದ್ದಿ ಕಳಿಸುತ್ತಾಳೆ.

ಹೋದ ದೀಪಾವಳಿಗೆ ಊರಿಗೆ ಬಂದವಳಿಗೆ ಅವ್ವನ ವಹಿ ತೋರಿಸಿದೆ. ಆ ಅಜ್ಜಿಯ ಪುಟಕ್ಕೆ ಬಂದಾಗ ಕಥೆಯನ್ನೂ ಹೇಳಿದೆ, ನನ್ನ ಪಾಲಿನದನ್ನೂ ಬಿಡದೆ. ಅವಳು ಬಹಳ ಹೊತ್ತು ಆ ಎರಡು ಸಾಲು ಓದಿದಳು.

"ಉಳಿದದ್ದು ನಾ ತುಂಬಲೇನ್ರಿ ಅಕ್ಕೋರೆ?"

ಬೇಡ ಎಂದೆ. "ಅದು ಹಂಗೇ ಇರಲಿ. ಮುಂದಿನ ಹಾಳಿಯೊಳಗ ನಿಂದು ಬರಿ."

ಅವಳು ಪೆನ್ನು ತಗೊಂಡು ಮೂರು ಸಾಲು ಬರೆದಳು. ನಾಲ್ಕನೆಯದು ಹೊಳೆಯಲಿಲ್ಲ. ನಾನೇನೂ ಹೇಳಿಕೊಟ್ಟಿರಲಿಲ್ಲ, ಆದರೂ ಅಷ್ಟು ಜಾಗ ಬಿಟ್ಟು ಕೆಳಗೆ ಐದನೆಯ ಸಾಲಿಗೆ ಹೋದಳು.