ಕಾಡಿನ ಕಥೆಗಳು (ಪುಸ್ತಕ ಸರಣಿ)

ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದ ಶಿಕಾರಿ ಅನುಭವಗಳಿಂದ ಕವಲೊಡೆದು, ಮೂಡಿಗೆರೆಯ ಕಾಫಿ ಸೀಮೆಯಲ್ಲಿ ನೆಲೆಸಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರ ಕೈಯಲ್ಲಿ ಕನ್ನಡದ್ದೇ ಆದ ನಾಲ್ಕು ಪುಸ್ತಕಗಳ ಸರಣಿ. ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಇದರ ಭಾಗಗಳು. ತೇಜಸ್ವಿಯವರ ಬಗೆಗಿನ ಚರ್ಚೆ ಹೆಚ್ಚಾಗಿ ‘ಕರ್ವಾಲೊ’ (1980), ‘ಚಿದಂಬರ ರಹಸ್ಯ’ ಕಾದಂಬರಿಗಳ ಸುತ್ತಲೇ ನಡೆಯುವುದರಿಂದ, ಶಾಲೆಯ ಮಕ್ಕಳು ಮುಗಿಬಿದ್ದು ಓದುವ ಈ ಪುಸ್ತಕಗಳು ‘ಬರೀ ಅನುವಾದ’ ಎಂದು ಬದಿಗೆ ಸರಿದಿವೆ. ಅದು ಸರಣಿಗೆ ಆಗಿರುವ ಅನ್ಯಾಯ.

ಆಂಡರ್ಸನ್ 1910ರಲ್ಲಿ ಸಿಕಂದರಾಬಾದ್ ಬಳಿಯ ಬೊಲಾರಂನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬಾಳಿ, 1974ರಲ್ಲಿ ತೀರಿಕೊಂಡರು. ಕನ್ನಡ, ತಮಿಳು ಎರಡೂ ಅವರಿಗೆ ಬರುತ್ತಿತ್ತು. ಅವರ ಮೊದಲ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1954ರಲ್ಲಿ. ಅದೊಂದರಲ್ಲೇ ಹೊಸದುರ್ಗ, ಹೊಳಲ್ಕೆರೆ, ದೇವರಾಯನದುರ್ಗ, ಜಾಲಹಳ್ಳಿ, ಎಮ್ಮೆದೊಡ್ಡಿಗಳ ಹೆಸರು ಹೊತ್ತ ಕಥೆಗಳಿವೆ. ಎಮ್ಮೆದೊಡ್ಡಿ ಇರುವುದು ಮೂಡಿಗೆರೆಯಂತೆ ಚಿಕ್ಕಮಗಳೂರು ಜಿಲ್ಲೆಯದೇ ಆದ ಕಡೂರು ತಾಲ್ಲೂಕಿನಲ್ಲಿ. ಜಾಲಹಳ್ಳಿಯಂತೂ ಇವತ್ತು ಬೆಂಗಳೂರು ನಗರದ ಒಂದು ಬಡಾವಣೆ. ಪುಸ್ತಕ ಬಂದ ವರ್ಷವೇ ಅಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸ್ಥಾಪನೆಯಾಯಿತು. ನಮ್ಮ ಊರುಗಳ ಈ ಕಥೆಗಳನ್ನು ಬಹುಕಾಲ ಇಂಗ್ಲಿಷ್ ಬಲ್ಲವರು ಮಾತ್ರ ಓದುತ್ತಿದ್ದರು.

ತೇಜಸ್ವಿ ಮೈಸೂರಿನಲ್ಲಿ ಓದು ಮುಗಿಸಿ ಮೂಡಿಗೆರೆಗೆ ಬಂದು ಕಾಫಿ ಬೆಳೆಗಾರರಾದರು. ಮೊದಲು ‘ಚಿತ್ರಕೂಟ’, ಆಮೇಲೆ ‘ನಿರುತ್ತರ’ ಅವರ ತೋಟಗಳು. ಕೋವಿ, ಗಾಳ, ಕ್ಯಾಮೆರಾ ಮೂರೂ ಅವರಿಗೆ ಪಳಗಿದ್ದವು. ಹಾಗಾಗಿ ಅಟ್ಟಣೆಯ ಮೇಲೆ ಉಸಿರು ಬಿಗಿಹಿಡಿದು ಕೂತವನಿಗೆ ಕತ್ತಲು ಹೇಗೆ ಕೇಳಿಸುತ್ತದೆ ಎಂಬುದನ್ನು ಅವರು ನಿಘಂಟು ನೋಡಿ ಬರೆಯಬೇಕಿರಲಿಲ್ಲ. ಕಣಿವೆಯ ಆಚೆ ಕಡವೆ ಒಮ್ಮೆ ಕೂಗಿ ಸುಮ್ಮನಾಗುವುದು, ಮರದ ತುದಿಯಿಂದ ಮುಸಿಯ ಎಚ್ಚರಿಸುವುದು, ಆಮೇಲೆ ಜೀರುಂಡೆಯೂ ನಿಂತುಹೋಗುವುದು: ಹುಲಿ ಎಲ್ಲಿ ನಡೆಯುತ್ತಿದೆ ಎಂದು ಮಲೆನಾಡಿನವರು ಲೆಕ್ಕ ಹಾಕುವುದೇ ಹೀಗೆ. ಪರದೇಶದ ಓದುಗರಿಗಾಗಿ ಆಂಡರ್ಸನ್ ಕೊಡಬೇಕಾಗಿದ್ದ ವಿವರಣೆ ಕನ್ನಡದಲ್ಲಿ ಬೇಕಾಗುವುದಿಲ್ಲ. ಕಥೆ ನೇರವಾಗಿ ಊರೊಳಕ್ಕೆ ನುಗ್ಗುತ್ತದೆ.

ಸರಣಿಯ ನಿಜವಾದ ಸತ್ವವಿರುವುದು ಮನುಷ್ಯರಲ್ಲಿ. ಆಂಡರ್ಸನ್‌ಗೆ ಕಾಡಿನ ವಿದ್ಯೆ ಕಲಿಸಿದವನು ಪೂಜಾರಿ ಬುಡಕಟ್ಟಿನ ಬೈರ. ಇಂಥ ಒಡನಾಡಿಗಳು ಇಂಗ್ಲಿಷಿನಲ್ಲಿ ಎಷ್ಟೇ ಪ್ರೀತಿಯಿಂದ ಚಿತ್ರಿತರಾಗಿದ್ದರೂ ಅಲ್ಲಿ ಅವರು ದೊರೆಯ ಜೊತೆಗಾರರೇ. ಕನ್ನಡದಲ್ಲಿ ಅವರು ತಮ್ಮ ಭಾಷೆಯಲ್ಲೇ ವಾದಿಸುತ್ತಾರೆ, ಹೆದರುತ್ತಾರೆ, ತಮಾಷೆ ಮಾಡುತ್ತಾರೆ. ‘ಕರ್ವಾಲೊ’ದ ಮಂದಣ್ಣ, ಬಿರಿಯಾನಿ ಕರಿಯಪ್ಪರನ್ನು ಬಲ್ಲ ಓದುಗನಿಗೆ ಇವರು ಅದೇ ಮನೆತನದವರಂತೆ ಕಾಣುತ್ತಾರೆ. ಬರೀ ಅನುವಾದ ಎನ್ನುವವರು ಆ ಕಾದಂಬರಿಯ ಪಕ್ಕದಲ್ಲಿಟ್ಟು ಇದನ್ನು ಓದಬೇಕು. ದೊಡ್ಡ ವಿಜ್ಞಾನಿ ಕರ್ವಾಲೊ ಮಂದಣ್ಣನಂಥ ಹಳ್ಳಿಯವನ ತಿಳಿವಳಿಕೆಯನ್ನು ನೆಚ್ಚುತ್ತಾರೆ. ಇಲ್ಲಿ ಕೋವಿ ಹಿಡಿದ ದೊರೆ ಹೆಜ್ಜೆಗುರುತು ಓದಬಲ್ಲ ಕಾಡಿನವನನ್ನು ನೆಚ್ಚುತ್ತಾನೆ.

ನರಭಕ್ಷಕವನ್ನು ಹುಟ್ಟಾ ಕ್ರೂರಿ ಎಂದು ಆಂಡರ್ಸನ್ ತಿಳಿದವರಲ್ಲ. ಹಳೆಯ ಗುಂಡೇಟು, ಮುಳ್ಳುಹಂದಿಯ ಮುಳ್ಳು, ಮುರಿದ ಹಲ್ಲು, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಬೇಟೆ ಕೈಗೂಡದ ಪ್ರಾಣಿ ಮನುಷ್ಯನತ್ತ ತಿರುಗುತ್ತದೆ. ಅನೇಕ ಸಲ ಆ ಗುಂಡೇಟು ಮನುಷ್ಯನದೇ. ‘ಪರಿಸರದ ಕತೆ’ ಬರೆದ ತೇಜಸ್ವಿ ಈ ಕಾರಣಗಳನ್ನು ಹುಡುಕುವ ಬುದ್ಧಿಗೆ ಮನಸೋತದ್ದು ಸಹಜ. ಆಂಡರ್ಸನ್ ಅಲ್ಲಲ್ಲಿ ಬಣ್ಣ ಕಟ್ಟಿದ್ದಾರೆ ಎಂಬ ಅನುಮಾನ ಬಹಳ ಹಿಂದಿನದು. ಆದರೆ ಕಾಡು, ಊರು, ಅಲ್ಲಿನ ಜನರ ಭಯ ಇವನ್ನು ಅವರು ಕಟ್ಟಿಕೊಟ್ಟಿರುವ ರೀತಿಗೆ ಆ ಅನುಮಾನ ತಟ್ಟುವುದಿಲ್ಲ.

ಜಿಮ್ ಕಾರ್ಬೆಟ್‌ರ ಪುಸ್ತಕವನ್ನು ಆಧರಿಸಿದ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಈ ಸರಣಿಯ ಹೊರಗಿದ್ದರೂ ಜೊತೆಯಲ್ಲೇ ಓದಬೇಕಾದದ್ದು. ಹೊಸದಾಗಿ ಓದುವವರು ‘ಜಾಲಹಳ್ಳಿಯ ಕುರ್ಕ’ದಿಂದ ಶುರುಮಾಡುವುದು ಒಳ್ಳೆಯದು, ಬೆಂಗಳೂರಿನ ಮಗ್ಗುಲಲ್ಲೇ ಚಿರತೆ ಅಡ್ಡಾಡುತ್ತಿದ್ದ ಕಾಲ ಅದರಲ್ಲಿದೆ.