ಶಾಂತಾ ಹುಬ್ಳೀಕರ: ಹೆಸರಿನೊಳಗ ನಮ್ಮೂರನ್ನ ಇಟ್ಟುಕೊಂಡ ತಾರೆ

ಹುಬ್ಬಳ್ಳಿ ಪಕ್ಕದ ಅದರಗುಂಚಿ ಅಂದ್ರ ನಿಮಗ ಯಾರು ನೆನಪಾಗ್ತಾರ? ಕರ್ನಾಟಕ ಏಕೀಕರಣಕ್ಕಾಗಿ 1953ರಲ್ಲಿ ಉಪವಾಸ ಕುಳಿತ ಶಂಕರಗೌಡರು. ಬರೋಬ್ಬರಿ. ಆದರೆ ಅದೇ ಊರಲ್ಲಿ 1914ರಲ್ಲಿ ಹುಟ್ಟಿದ ರಾಜಮ್ಮ ಅನ್ನೋ ಹುಡುಗಿ, ಮುಂದೆ ಶಾಂತಾ ಹುಬ್ಳೀಕರ ಆಗಿ ಪುಣೆ, ಮುಂಬೈ ಥಿಯೇಟರ್ ತುಂಬಿಸಿದ್ದು ಎಷ್ಟು ಜನಕ್ಕ ಗೊತ್ತದ? ಖರೇ ಹೇಳ್ತೇನಿ, ನನಗೂ ಮೊನ್ನೆ ಮೊನ್ನೆ ತನಕ ಗೊತ್ತಿರಲಿಲ್ಲ.

ಸಣ್ಣಾಕಿ ಇದ್ದಾಗಲೇ ತಂದೆ-ತಾಯಿ ಇಲ್ಲ. ಬೆಳೆದದ್ದು ಬೇರೆಯವರ ಆಸರೆಯಲ್ಲಿ. ಕೈಹಿಡಿದದ್ದು ಹಾಡು ಮತ್ತು ನಾಟಕ ಕಂಪನಿ. ಅಲ್ಲಿಂದ ಸಿನಿಮಾ. ಬೆಂಗಳೂರಿಗೆ ಯಾಕೆ ಹೋಗಲಿಲ್ಲ ಅಂತ ಕೇಳಬಹುದು. ಆಗ ಧಾರವಾಡ ಜಿಲ್ಲೆ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಬೆಂಗಳೂರು ಮೈಸೂರು ಸಂಸ್ಥಾನದ್ದು. ಸ್ಟುಡಿಯೋಗಳು ಇದ್ದದ್ದು ಕೊಲ್ಲಾಪುರ, ಪುಣೆ, ಮುಂಬೈಯಲ್ಲಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಕೂಡ 1934ರಲ್ಲಿ ತಯಾರಾದದ್ದು ಕೊಲ್ಲಾಪುರದಾಗ! ಹಂಗಾಗಿ ನಮ್ಮ ಕಡೆ ಕಲಾವಿದರು ಉತ್ತರಕ್ಕೇ ಹೋದರು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಹೋದದ್ದೂ ಅದೇ ದಾರಿ. ಮನೆ ಬಿಟ್ಟರೂ ಊರ ಹೆಸರು ಬಿಡಲಿಲ್ಲ, ನೋಡ್ರಿ.

ಶಾಂತಾಬಾಯಿ ಅವರ ದೊಡ್ಡ ಸಿನಿಮಾ 1939ರಲ್ಲಿ ಬಂತು. ಪುಣೆಯ ಪ್ರಭಾತ್ ಕಂಪನಿ, ನಿರ್ದೇಶಕ ವಿ. ಶಾಂತಾರಾಮ್. ಮರಾಠಿಯಲ್ಲಿ 'ಮಾಣೂಸ್', ಹಿಂದಿಯಲ್ಲಿ 'ಆದ್ಮಿ'. ಅವರ ಪಾತ್ರ ಮೈನಾ, ಒಬ್ಬ ವೇಶ್ಯೆ. ಪೊಲೀಸ್ ಪೇದೆಯೊಬ್ಬ ಆಕೆಯನ್ನ ಪ್ರೀತಿಸ್ತಾನ, ಮನೆಗೆ ಕರೆದುಕೊಂಡು ಹೋಗ್ತಾನ. ಆದರೆ ಅವನ ತಾಯಿಯ ಮುಂದೆ ನಿಲ್ಲೋ ಯೋಗ್ಯತೆ ತನಗಿಲ್ಲ ಅಂತ ಆಕೆಗೇ ಅನ್ನಿಸ್ತದ. ಕಡೆಗೆ ಕೊಲೆ ಆರೋಪದ ಮೇಲೆ ಜೈಲು ಸೇರ್ತಾಳ. ಅವನು ಬಿಡಿಸಿಕೊಂಡು ಹೋಗ್ತೇನಿ ಅಂದರೂ ಒಪ್ಪೋದಿಲ್ಲ. 'ದೇವದಾಸ್' ನೋಡಿ ದೇಶವೇ ಕಣ್ಣೀರು ಹಾಕಿದ್ದ ಕಾಲ ಅದು. ಪ್ರೀತಿ ಕೈತಪ್ಪಿದರೂ ಬದುಕಬೇಕು ಅಂತ ಈ ಸಿನಿಮಾ ಹೇಳಿತು.

ಅದರಲ್ಲಿ ಮೈನಾ ಹಾಡೋ ಒಂದು ಹಾಡದ, 'ಕಶಾಲಾ ಉದ್ಯಾಚೀ ಬಾತ್'. ನಾಳಿನ ಮಾತು ಈಗ ಯಾಕೆ ಅಂತ ಅರ್ಥ. ನಡುವೆ ಬೇರೆ ಬೇರೆ ಭಾಷೆಯ ಸಾಲುಗಳೂ ಬರ್ತಾವ. ಸಂಗೀತ ಮಾಸ್ಟರ್ ಕೃಷ್ಣರಾವ್ ಅವರದ್ದು, ದನಿ ಸ್ವತಃ ಶಾಂತಾಬಾಯಿಯದ್ದು. ಮರಾಠಿ ಮಂದಿ ಇವತ್ತಿಗೂ ಅವರನ್ನ ನೆನೆಯೋದು ಈ ಹಾಡಿನಿಂದ.

ನಾನು ಬಿ.ಕಾಂ. ಓದಿದಾಂವ, ಲೆಕ್ಕ ಕೇಳದೆ ಬಿಡಾಂಗಿಲ್ಲ. ಆಗ ಪ್ರಭಾತ್‌ನಂಥ ಸ್ಟುಡಿಯೋದಲ್ಲಿ ಕಲಾವಿದರು ತಿಂಗಳ ಪಗಾರಕ್ಕೆ ದುಡಿಯೋರು. ಹಾಡು ಎಷ್ಟೇ ಓಡಲಿ, ಪಗಾರ ನಿಂತರೆ ಆದಾಯ ನಿಂತಂಗ. ನಮ್ಮ ದೇಶದಲ್ಲಿ ಪಿಎಫ್ ಕಾಯ್ದೆ ಬಂದದ್ದೇ 1952ರಲ್ಲಿ. ನಾಳೆಯ ಚಿಂತೆ ಬೇಡ ಅಂತ ಹಾಡಿದಾಕಿಗೆ ನಾಳೆಗೆ ಅಂತ ಕೂಡಿಡುವ ವ್ಯವಸ್ಥೆಯನ್ನ ಯಾರೂ ಮಾಡಿರಲಿಲ್ಲ.

1940ರ ದಶಕದ ಆರಂಭದಲ್ಲಿ ಅವರು ಕನ್ನಡಕ್ಕೂ ಬಂದರು. ಗುಬ್ಬಿ ವೀರಣ್ಣನವರ 'ಜೀವನ ನಾಟಕ'ದಲ್ಲಿ ನಟಿಸಿದರು. ಮದುವೆ, ಸಂಸಾರ ಆದಮೇಲೆ ತೆರೆಯಿಂದ ದೂರ ಸರಿದರು. ವರ್ಷಗಟ್ಟಲೆ ಅವರು ಎಲ್ಲಿದ್ದಾರೆ ಅನ್ನೋದೇ ಜನಕ್ಕ ಮರೆತುಹೋಯ್ತು. ಮತ್ತ ಗೊತ್ತಾದಾಗ ಅವರು ಇದ್ದದ್ದು ಮುಂಬೈ ಹತ್ತಿರದ ವಸಯಿಯ ಒಂದು ಮಹಿಳಾಶ್ರಮದಲ್ಲಿ. ಆಮೇಲೆ ಆತ್ಮಕಥೆ ಬರೆದರು, ಮರಾಠಿಯಲ್ಲಿ. ಹೆಸರು ಅದೇ, 'ಕಶಾಲಾ ಉದ್ಯಾಚೀ ಬಾತ್'. 1992ರಲ್ಲಿ ತೀರಿಕೊಂಡರು.

ಅವರನ್ನ ನೆನೆಯೋದು ಮರಾಠಿಗರ ಕೆಲಸ ಅಂತ ನಾವು ಬಿಟ್ಟಿದ್ದೇವೆ. 1956ರಲ್ಲಿ ಗಡಿ ಬದಲಾಯಿತು, ಒಳ್ಳೆಯದೇ ಆಯ್ತು. ಆದರೆ ಗಡಿಯಾಚೆ ಹೆಸರು ಮಾಡಿದವರು ನಮ್ಮ ಕಥೆಯೊಳಗಿಂದ ಹೊರಗೆ ಉಳಿದರು. ಬದುಕು ಪೂರ್ತಿ ಹುಬ್ಬಳ್ಳಿ ಹೆಸರು ಹೊತ್ತು ನಡೆದಾಕಿಯ ಹೆಸರನ್ನ ಹುಬ್ಬಳ್ಳಿಯವರೇ ಹೇಳದಿದ್ದರೆ ಹೆಂಗ?

ಒಂದು ಕೆಲಸ ಮಾಡ್ರಿ. ಇವತ್ತು ಆ ಹಾಡು ಹುಡುಕಿ ಕೇಳ್ರಿ. ಮನೆಯೊಳಗ ಅಜ್ಜಿ ಇದ್ರ ಅವರಿಗೂ ಕೇಳಸ್ರಿ. ಅವರಿಗೆ ಏನರೆ ನೆನಪು ಬಂತಂದ್ರ ನನಗ ವಾಯ್ಸ್ ಮೆಸೇಜ್ ಕಳಸ್ರಿ. ಮುಂದಿನ ಎಪಿಸೋಡ್‌ನಾಗ ಸಿಗೋಣು. ಬರ್ತೇನ್ರಿ.